ಹಂಪಕ್ಕನ ಮೂಗಿನ ಹಸಿರು

ಕುರುಗೋಡಿನ ಭೀಮರಾಜನ ಬಾಯಿ ಮುಚ್ಚಿಸುವುದು ಯಾರ ಕೈಲೂ ಆಗದ ಕೆಲಸ. ಬಳ್ಳಾರಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಅವನು ಟೆಕ್ನಿಷಿಯನ್. ಲಕ್ವ ಹೊಡೆದವರ ತೊಡೆಯ ರಕ್ತನಾಳದಿಂದ ಸಣ್ಣ ಕೊಳವೆ ತೂರಿಸಿ, ಮಿದುಳಿನಲ್ಲಿ ಸಿಕ್ಕಿಕೊಂಡ ಹೆಪ್ಪನ್ನು ಡಾಕ್ಟರು ತೆಗೆಯುವಾಗ ಸಾಮಾನು ಕೈಗೆ ಕೊಡುವವನು ಅವನೇ. ಒಂದು ಕೊಳವೆ ಹೆಪ್ಪನ್ನು ಹೀರುತ್ತದೆ. ಇನ್ನೊಂದರ ತುದಿಗೆ ತಂತಿಯ ಬಲೆ, ಅದು ಹಿಡಿದು ಎಳೆಯುತ್ತದೆ. ಯಾವುದು ಮೇಲು ಅಂತ ಅವನಿಗೂ ಡಾಕ್ಟರ್ ಸುಜಯೀಂದ್ರರಿಗೂ ದಿನಾ ವಾದ.

"ಹಸಿ ಹೆಪ್ಪಿಗೆ ಹೀರೂದ ಚಲೋ ಸರ್. ಗಟ್ಟಿಯಾದದ್ದಕ್ಕ ಬಲಿನ ಬೇಕು."

"ನೀನ ಡಾಕ್ಟ್ರಾಗಿಬಿಡಪ್ಪ" ಎಂದು ಅವರು ನಗುತ್ತಿದ್ದರು.

ದೇಶನೂರಿನ ಅಕ್ಕ ಹಂಪಕ್ಕನ ಮನೆಯಲ್ಲೂ ಅದೇ ಪುರಾಣ. ಊಟಕ್ಕೆ ಕೂತು ಅವಳ ಗಂಡ ಹಾಲಸಿದ್ದಪ್ಪನನ್ನು ಹೆದರಿಸಿದ್ದೇ ಹೆದರಿಸಿದ್ದು: "ಯಾರದರ ಬಾಯಿ ಸೊಟ್ಟಾತಂದ್ರ ಓಡಿ ಬರ್ರಿ ಮಾಮಾ. ತಡಾ ಮಾಡಿದ್ರ ಡಾಕ್ಟ್ರು ಮುಟ್ಟೂದಿಲ್ಲ!"

"ಭೀಮ್ಯಾ, ಸಾಕು ಮಾತು, ಉಣ್ಣಪಾ" ಎಂದಿದ್ದಳು ಹಂಪಕ್ಕ. ತಾಯಿ ಇಲ್ಲದ ಅವನನ್ನು ಸಾಕಿದವಳು. ಈಗಲೂ ಅವನನ್ನು ಭೀಮ್ಯಾ ಎನ್ನುವವಳು ಅವಳೊಬ್ಬಳೇ.

ಒಂದು ಮಧ್ಯಾಹ್ನ ಆಸ್ಪತ್ರೆಗೆ ಸ್ಟ್ರೆಚರ್ ಮೇಲೆ ಬಂದವಳೂ ಅವಳೇ. ಬಲಗೈ ಜೋತುಬಿದ್ದಿತ್ತು. ಬಾಯಿ ಸೊಟ್ಟ, ಮಾತಿಲ್ಲ.

"ಯಾವಾಗಾತು?" ಡಾಕ್ಟರು ಕೇಳಿದರು.

"ಎಲ್ಡು ತಾಸಾತ್ರೀ" ಎಂದ ಹಾಲಸಿದ್ದಪ್ಪ, ನೆಲ ನೋಡುತ್ತ.

ಭೀಮರಾಜನಿಗೆ ಹೋದ ಜೀವ ಬಂದಂತಾಯಿತು. ಎರಡೇ ತಾಸು, ಹೆಪ್ಪು ಇನ್ನೂ ಹಸಿ! ಡಾಕ್ಟರು ಸ್ಕ್ಯಾನ್ ನೋಡಿ ಹುಬ್ಬು ಗಂಟಿಕ್ಕಿದರು. ಆದರೂ ಹಾಲಸಿದ್ದಪ್ಪ ಹೇಳಿದ ಹೊತ್ತನ್ನು ನಂಬಿ, ಹೆಪ್ಪು ಕರಗಿಸುವ ಇಂಜೆಕ್ಷನ್ ತುಂಬಲು ನರ್ಸಿಗೆ ಹೇಳಿದರು. ಭೀಮರಾಜ ಹೀರುವ ಕೊಳವೆ ತೆಗೆದಿಟ್ಟು, ಅಕ್ಕನ ಮುಖ ಒರೆಸಲು ಬಗ್ಗಿದ. ಮೂಗಿನ ಹೊಳ್ಳೆಯಲ್ಲಿ ಹಸಿರು ಕಲೆ ಒಣಗಿತ್ತು.

ಅದು ಲಕ್ವಕ್ಕೆ ಮೂಗಿಗೆ ಹಿಂಡುವ ಸೊಪ್ಪಿನ ರಸ. ಅವರ ಕಡೆಯ ನಾಟಿ ವೈದ್ಯ ಅದನ್ನು ಹಾಕುವುದು ಹೊತ್ತು ಹುಟ್ಟುವ ಮುಂಚೆ ಮಾತ್ರ. ಬಿಸಿಲು ಬಿದ್ದ ಮೇಲೆ ಕಾಲು ಹಿಡಿದರೂ ಹಾಕುವುದಿಲ್ಲ. ಅಂದರೆ ಹಂಪಕ್ಕ ಬಿದ್ದದ್ದು ನಸುಕಿಗೂ ಮೊದಲು.

ಅಷ್ಟು ಹೊತ್ತಾದವರಿಗೆ ಆ ಇಂಜೆಕ್ಷನ್ ಕೊಟ್ಟರೆ ಮಿದುಳಿನಲ್ಲಿ ರಕ್ತನಾಳ ಒಡೆಯಬಹುದು. ಹೇಳಿದರೆ ಡಾಕ್ಟರು ಕೈ ತೊಳೆದುಕೊಂಡಾರು. ಸುಮ್ಮನಿರದ ಆ ಬಾಯಿ, ಬೇಕಾದಾಗ ಕಟ್ಟಿಹೋಯಿತು ನೋಡಿ! ನರ್ಸು ಸೂಜಿ ಹಿಡಿದು ಹತ್ತಿರ ಬಂದಳು.

"ಬ್ಯಾಡ್ರಿ ಸರ್! ಟೈಮು ಸುಳ್ಳೈತಿ!"

ಎಲ್ಲ ಕೇಳಿಸಿಕೊಂಡ ಡಾಕ್ಟರು ಇಂಜೆಕ್ಷನ್ ವಾಪಸು ಕಳಿಸಿ, ಮತ್ತೆ ಸ್ಕ್ಯಾನಿನ ಮುಂದೆ ನಿಂತರು. "ಮಿದುಳು ಭಾಳಷ್ಟು ಸತ್ತೈತಿ, ಸ್ವಲ್ಪ ಉಳದೈತಿ. ಹೆಪ್ಪು ತೆಗದು ನೋಡೂಣು. ಆದ್ರ ಒಮ್ಮಿಗೇ ರಕ್ತ ನುಗ್ಗಿದ್ರ ನಾಳ ಒಡೀಬಹುದು. ಗೊತ್ತಲ್ಲ?"

"ಗೊತ್ರೀ."

ಹೀರುವ ಕೊಳವೆಗೆ ಹೆಪ್ಪು ಜಪ್ಪಯ್ಯ ಅನ್ನಲಿಲ್ಲ. ಬಲೆ ಹಾಕಿದರು. ಮೊದಲ ಸಲ ಬರಿದೇ ಬಂತು. ಎರಡನೇ ಸಲ ಕರ್ರಗೆ, ಗಟ್ಟಿಯಾಗಿ ಹೆಪ್ಪು ಬಂತು. ಪರದೆಯ ಮೇಲೆ ರಕ್ತನಾಳ ತುದಿಯವರೆಗೂ ತುಂಬಿತು. ವಾದದಲ್ಲಿ ಭೀಮರಾಜ ಗೆದ್ದಿದ್ದ. ಹಾಳಾಗಿ ಹೋಗಲಿ ಆ ಗೆಲುವು!

ಹೊರಗೆ ಬಂದವನೇ ಹಾಲಸಿದ್ದಪ್ಪನ ಮೇಲೆ ಹರಿಹಾಯ್ದ. "ಯಾಕ ಸುಳ್ಳು ಹೇಳಿದ್ರಿ ಮಾಮಾ?"

ಅವನು ಟವೆಲಿನಲ್ಲಿ ಕಣ್ಣೊರೆಸಿಕೊಂಡ. "ನೀನ ಹೇಳಿದ್ದಿಯಲ್ಲಪಾ, ತಡಾ ಆದ್ರ ಮುಟ್ಟೂದಿಲ್ಲಂತ."

ಭೀಮರಾಜ ಒಳಗೆ ಹೋಗಿ ಅಕ್ಕನ ಪಕ್ಕದಲ್ಲಿ ಕೂತ.

ಸಂಜೆ ಹಂಪಕ್ಕ ಕಣ್ಣು ಬಿಟ್ಟಳು. ತುಟಿ ಅಲುಗಿತು.

"ಅಕ್ಕಾ, ಭೀಮ್ಯಾ ಅನ್ನು. ಒಂದ ಸಲ ಅನ್ನು."

ಅವಳು ಯಾರೋ ಹೊಸಬರನ್ನು ನೋಡುವಂತೆ ನೋಡಿದಳು. ನಿಧಾನವಾಗಿ ರೆಪ್ಪೆಗಳು ಮುಚ್ಚಿಕೊಂಡವು. ಕರೆದರೆ ಓಗೊಡಲಿಲ್ಲ. ಭೀಮರಾಜ ಹೆಬ್ಬೆರಳಿನಿಂದ ಎಡಗಣ್ಣಿನ ರೆಪ್ಪೆ ಎತ್ತಿ ಟಾರ್ಚ್ ಬಿಟ್ಟ. ಪಾಪೆ ಅಗಲವಾಗಿತ್ತು, ಬೆಳಕಿಗೆ ಕುಗ್ಗಲಿಲ್ಲ. ಒಳಗೆ ರಕ್ತನಾಳ ಒಡೆದಿದೆ ಎಂದು ಅವನಿಗೆ ತಿಳಿಯಿತು. ಡಾಕ್ಟರನ್ನು ಕೂಗಲು ಬಾಯಿ ತೆರೆದ, ದನಿ ಹೊರಡಲಿಲ್ಲ.