ಎರಡು ಟ್ರ್ಯಾಕ್ಟರ್ ಕರ್ಲು ಮಣ್ಣು

ಹರಿಹರದಲ್ಲಿ ಮನೆ ಕೊಂಡಿದ್ದೇನೆ ಎಂದಾಗ ದಾವಣಗೆರೆಯ ನನ್ನ ಮನೆ ಓನರ್ ನಂಬಲಿಲ್ಲ. ಎಸ್.ಎಸ್. ಬಡಾವಣೆಯ ಹಿಂಬದಿಯಲ್ಲಿ ಮೂರು ಕೋಣೆಯ ಬಾಡಿಗೆ ಮನೆ ನನ್ನದು. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರಗಳು, ನಡುವೆ ಅಡುಗೆ, ಹಿಂದಿನದು ಹಾಸ್ಟೆಲ್‌ನಲ್ಲಿ ಓದುವ ಮಗಳದ್ದು. ಲಾರಿ ಹತ್ತಿದರೆ ಹತ್ತು ದಿನ ಮನೆ ಕಡೆ ತಲೆ ಹಾಕದ ಗಂಡ. ಹುಕ್ಕು ಕಾಜ ಹಾಕಿ ಜೀವನ ತೆಗೆದ ನಾನು ಇನ್ನೊಬ್ಬರಿಗೆ ಓನರ್ ಆಗುವುದೆಂದರೆ ನನಗೇ ನಗು ಬರುತ್ತಿತ್ತು. ನಗುವಿನ ಹಿಂದೆ ಸೊಕ್ಕೂ ಇತ್ತು, ಸುಳ್ಳು ಯಾಕೆ ಹೇಳಲಿ.

ಕಡಿಮೆ ಬೆಲೆಯ ಮನೆ ಕೊಳ್ಳುವವರು ಈಗ ನನ್ನ ಹತ್ತಿರ ಸಲಹೆ ಕೇಳಿಕೊಂಡು ಬರುತ್ತಾರೆ. ರವಿಕೆ ಅಳತೆ ಕೊಡುತ್ತಲೇ ಕೇಳುತ್ತಾರೆ. ನಾನು ಹೇಳುವುದಿಷ್ಟೇ: ಬೇಸಿಗೆಯಲ್ಲಿ ಮನೆ ನೋಡಬೇಡಿ, ಹೊಸ ಸುಣ್ಣ ಕಂಡರೆ ಇನ್ನೊಮ್ಮೆ ಹೋಗಿ ನೋಡಿ, ಅಲ್ಲಿರುವ ಬಾಡಿಗೆಯವರ ಜೊತೆ ಕೂತು ಮಾತಾಡಿ. ನಾನು ಈ ಮೂರರಲ್ಲಿ ಒಂದನ್ನೂ ಮಾಡಿರಲಿಲ್ಲ. ಕಾಗದ ಪತ್ರ ಮಾತ್ರ ವಕೀಲರಿಗೆ ಎರಡೆರಡು ಸಲ ತೋರಿಸಿದ್ದೆ. ಖಾತೆ, ಕಂದಾಯ, ಋಣಭಾರ ಪತ್ರ ಎಲ್ಲ ಸರಿಯಾಗಿತ್ತು. ಮನೆ ನೋಡಲು ಹೋಗಿದ್ದು ಎರಡು ಸಲ, ಎರಡೂ ಸಲ ಸುಡುವ ಬಿಸಿಲು.

ಅಲ್ಲಿದ್ದದ್ದು ಅಂಟಿಕೊಂಡ ಎರಡು ಮನೆ, ಹಿಂದೊಂದು ತಗಡಿನ ಕೋಣೆ. ಒಂದು ಮನೆಗೆ ಸಿಮೆಂಟ್ ಶೀಟು. ರಸ್ತೆ ಕಡೆಯದಕ್ಕೆ ಹಳೆಯ ಕಾಲದ ಮಾಳಿಗೆ, ಅಂದರೆ ಮರದ ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಮಣ್ಣು. ಒಳಗೆ ತಂಪಾಗಿತ್ತು. ತಂಪಿಗೇ ಮರುಳಾದೆ.

ಮಾಳಿಗೆ ಮನೆಯಲ್ಲಿ ಮೂರು ಜನರಿದ್ದರು. ಗುತ್ತೂರು ಕಡೆಯ ಒಂದು ಕಾರ್ಖಾನೆಯಲ್ಲಿ ಪಾಳಿ ಕೆಲಸ ಮಾಡುವ ಹುಡುಗ, ಅವನ ಹೆಂಡತಿ, ಅವನ ತಾಯಿ. ತಾಯಿ ಕೊಕ್ಕನೂರಿನಲ್ಲಿ ಹೊಲ ಮನೆ ಮಾಡಿಕೊಂಡಿದ್ದವರು, ಮಗನ ಕೆಲಸದ ಹಿಂದೆ ಊರು ಬಿಟ್ಟು ಬಂದಿದ್ದರು. ಸೊಸೆಗೆ ಆಗಿನ್ನೂ ಮೂರು ತಿಂಗಳು, ನನಗೆ ಗೊತ್ತಿರಲಿಲ್ಲ. ಗೊತ್ತಾಗಲು ಮಾತಾಡಿಸಬೇಕಿತ್ತಲ್ಲ. ಪ್ರತಿ ತಿಂಗಳು ಹೋದಾಗ ನಾನು ಬಾಗಿಲಲ್ಲಿ ಕೂಗದೆ ನೇರ ಒಳಗೆ ನುಗ್ಗುತ್ತಿದ್ದೆ. ಗೋಡೆ ಮುಟ್ಟಿ ನೋಡುತ್ತಿದ್ದೆ, ಮೊಳೆ ಹೊಡೆದಿದ್ದಾರಾ ಎಂದು ತಡಕುತ್ತಿದ್ದೆ. ಉಣ್ಣುತ್ತಿದ್ದವರು ತಟ್ಟೆ ಬಿಟ್ಟು ಎದ್ದು ನಿಲ್ಲುತ್ತಿದ್ದರು. ಕೂಡ್ರಿ ಎನ್ನಬೇಕೆಂದೂ ನನಗೆ ಹೊಳೆಯುತ್ತಿರಲಿಲ್ಲ.

ಮುಂಗಾರಿಗೆ ಮೊದಲು ಮಾಳಿಗೆಗೆ ಕರ್ಲು ಮಣ್ಣು ಹಾಕಿಸಬೇಕು ಎಂದು ಯಾರೋ ಹೇಳಿದರು. ನೀರು ಇಳಿಯಲು ಬಿಡದ ಮಣ್ಣು ಅದು, ವರ್ಷ ವರ್ಷವೂ ಹಾಕುತ್ತಾರೆ. ಒಳ್ಳೆಯ ಓನರ್ ಎನಿಸಿಕೊಳ್ಳುವ ಹುಮ್ಮಸ್ಸಿನಲ್ಲಿ ಒಂದಲ್ಲ, ಎರಡು ಟ್ರ್ಯಾಕ್ಟರ್ ತರಿಸಿದೆ. ಆಳುಗಳು ಏಣಿ ಹತ್ತುವಾಗ ಆ ತಾಯಿ ಹೊರಗೆ ಬಂದರು.

"ಅಕ್ಕಾರೆ, ಹಳೇ ಮಣ್ಣು ಕೆರದು ತಗೀರಿ ಮೊದ್ಲು. ಅದರ ಮ್ಯಾಲೇ ಹಾಕಬ್ಯಾಡ್ರಿ, ಭಾರ ಆಗ್ತೈತೆ."

"ಸೋರಿದ್ರೆ ನೀವೇ ಬಯ್ಯೋದು ಅಲ್ವೇನಮ್ಮ" ಎಂದೆ. ಬಾಡಿಗೆಯವರು ನನಗೆ ಮನೆ ಕಟ್ಟುವುದನ್ನು ಕಲಿಸುತ್ತಾರಾ ಎಂಬ ಸಿಟ್ಟು. ಕೆರೆದು ತೆಗೆಯಲು ಇನ್ನೆರಡು ದಿನದ ಕೂಲಿ ಆಗುತ್ತಿತ್ತು, ಅದೂ ತಲೆಯಲ್ಲಿತ್ತು. ಎರಡೂ ಟ್ರ್ಯಾಕ್ಟರ್ ಮಣ್ಣು ಮೇಲೆ ಹೋಯಿತು.

ಮೃಗಶಿರ ಮಳೆಗೆ ಒಂದು ಹನಿ ಸೋರಲಿಲ್ಲ. ಬೀಗಿದೆ. ಮಘೆ ಮಳೆ ಹಿಡಿದುಕೊಂಡಾಗ ಆ ಹುಡುಗ ಫೋನ್ ಮಾಡಿದ.

"ಅಕ್ಕಾರೆ, ತೊಲೆ ಬಾಗೈತೆ. ಒಂದ್ಸಲ ಬಂದು ನೋಡ್ರಿ."

ಹೊಲಿಯುತ್ತಿದ್ದ ರವಿಕೆಯನ್ನು ಸೂಜಿಯಡಿಯಲ್ಲೇ ಬಿಟ್ಟು ಬಸ್ ಹತ್ತಿದೆ. ಒಳಗೆ ಕಾಲಿಟ್ಟವಳೇ ನಿಂತುಬಿಟ್ಟೆ. ನಡುವಿನ ತೊಲೆ ತೊಟ್ಟಿಲ ಸೀರೆಯ ಹಾಗೆ ಕೆಳಗೆ ಜಗ್ಗಿತ್ತು. ಅದರಡಿ ಬೇವಿನ ಮರದ ಗೂಟವೊಂದನ್ನು ಆ ತಾಯಿಯೇ ಆಸರೆಗೆ ನಿಲ್ಲಿಸಿದ್ದರು. ಗೂಟದಿಂದ ಒಂದು ಮೊಳ ದೂರಕ್ಕೆ ಮಂಚ. ಮಂಚದ ಮೇಲೆ ಏಳು ತಿಂಗಳ ಹೊಟ್ಟೆ ಹೊತ್ತ ಸೊಸೆ ಎಡಮಗ್ಗುಲಾಗಿ ಮಲಗಿದ್ದಳು. ಗೋಡೆಯೊಳಗೆ ಸೇರಿದ ತೊಲೆಯ ತುದಿಯಲ್ಲಿ ಗೆದ್ದಲಿನ ಮಣ್ಣಿನ ಗೆರೆ, ಸುಣ್ಣದ ಅಡಿಯಿಂದ ಈಗ ಹೊರಗೆ ಬಂದಿತ್ತು. ಅವಳು ಮಲಗಿದ್ದ ಜಾಗದ ನೆತ್ತಿಯ ಮೇಲೆ ಎರಡು ಟ್ರ್ಯಾಕ್ಟರ್ ಹಸಿ ಮಣ್ಣು ಹೇರಿದವಳು ನಾನು.

ಮೇಸ್ತ್ರಿಯನ್ನು ಕರೆತಂದೆ. ಅವನು ತೊಲೆಯನ್ನು ಬೆರಳ ಗೆಣ್ಣಿನಿಂದ ತಟ್ಟಿ ಕಿವಿ ಕೊಟ್ಟ.

"ಟೊಳ್ಳಾಗೈತೆ ಅಮ್ಮಾರೆ. ಇವತ್ತೋ ನಾಳೆಯೋ ಹೇಳಾಕಾಗಲ್ಲ. ಮಂದಿ ಖಾಲಿ ಮಾಡ್ಸಿ, ಆಮ್ಯಾಲೆ ನನ್ನ ಕರೀರಿ. ಒಳಗ ಜನ ಇದ್ರೆ ನಾನು ಮ್ಯಾಲೆ ಹತ್ತಲ್ಲ."

ಮಳೆ ಬಿಟ್ಟಿರಲಿಲ್ಲ. ಹಿಂದಿನ ತಗಡಿನ ಕೋಣೆ ಖಾಲಿ ಇದೆ, ಇವತ್ತೇ ಅಲ್ಲಿಗೆ ಹೋಗಿ ಎಂದು ಬೇಡಿಕೊಂಡೆ. ಮಗ ತಾಯಿಯ ಮುಖ ನೋಡಿದ.

"ಬಸುರಿ ಹೆಣ್ಮಗಳಿದ್ದಾಗ ಮನಿ ಬದಲಿ ಮಾಡಬಾರ್ದು ಅಕ್ಕಾರೆ" ಎಂದರು ತಾಯಿ. "ಒಲೆ ಕದಲಿಸಬಾರ್ದು. ನಮ್ಮಲ್ಲಿ ಇಲ್ಲ ಅದು."

"ತೊಲೆ ಬಿದ್ರೆ ಒಲೆ ಇರುತ್ತಾ?"

"ಗೂಟ ಕೊಟ್ಟೀನಿ."

ಬೈದೆ. ಮೂಢನಂಬಿಕೆ ಎಂದೆ, ಹಟ ಎಂದೆ, ನಾಳೆ ಏನಾದರೂ ಆದರೆ ನನ್ನನ್ನು ಕೇಳಬೇಡಿ ಎಂದೆ. ಹಾಗೆಂದ ಕೂಡಲೇ ನನಗೆ ನಾನೇ ಅಸಹ್ಯವಾದೆ. ಕೇಳುವುದು ನನ್ನನ್ನೇ ತಾನೆ. ಸೊಸೆ ಮಾತ್ರ ತೊಲೆಯನ್ನೇ ನೋಡುತ್ತಿದ್ದಳು.

ಹೊರಗೆ ಬಂದಾಗ ಶೀಟಿನ ಮನೆಯ ಹೆಂಗಸು ನನ್ನನ್ನು ಮೋರಿಯ ಹತ್ತಿರ ಕರೆದು ಪಿಸುಗುಟ್ಟಿದಳು. "ಹೋದ ವರ್ಷ ನಮ್ಮನ್ಯಾಗ ಮುಂಚೆ ಇದ್ದೋರನ್ನ ಹಳೇ ಓನರ್ ರಿಪೇರಿ ಐತೆ ಅಂತ ಖಾಲಿ ಮಾಡ್ಸಿದ್ರು. ಎರಡು ಶೀಟು ಬದಲಿಸಿ, ಬಾಡಿಗೆ ಏರಿಸಿ ನಮಗ ಕೊಟ್ರು. ಅವರ ಸಾಮಾನು ರಸ್ತೇಲಿ ಇದ್ದಿದ್ದು ಮಾಳಿಗೆ ಮನಿ ಆಯಮ್ಮ ಕಣ್ಣಾರೆ ನೋಡ್ಯಾಳೆ."

ಬಸ್‌ನಲ್ಲಿ ಆ ಮಾತು ನನ್ನನ್ನು ಬಿಡಲಿಲ್ಲ. ದಾವಣಗೆರೆಯಲ್ಲಿ ಇದೇ ರಿಪೇರಿಯ ನೆಪದಲ್ಲಿ ನಾನೂ ಒಂದು ಮನೆ ಬಿಟ್ಟವಳು. ತಿಂಗಳ ನಂತರ ಅದೇ ಕಿಟಕಿಯಲ್ಲಿ ಬೇರೆಯವರ ಪರದೆ ನೋಡಿ ಅತ್ತುಕೊಂಡು ಬಂದಿದ್ದೆ. ಇಷ್ಟೆಲ್ಲ ಗೊತ್ತಿದ್ದೂ ಮೇಸ್ತ್ರಿ ಖಾಲಿ ಮಾಡಿಸಿ ಎಂದ ಗಳಿಗೆಯಲ್ಲಿ ನನ್ನ ತಲೆ ಏನು ಲೆಕ್ಕ ಹಾಕಿತ್ತು? ಮೇಲೆ ಆರ್.ಸಿ.ಸಿ. ಹಾಕಿಸಿದರೆ ಇದೇ ಮನೆಗೆ ಒಂದೂವರೆ ಪಟ್ಟು ಬಾಡಿಗೆ ಬರುತ್ತದೆ, ಅಷ್ಟು ಕೊಡಲು ಇವರಿಗೆ ಆಗುವುದಿಲ್ಲ, ಬೇರೆಯವರು ಬರುತ್ತಾರೆ ಎಂದು. ಆ ತಾಯಿ ನನ್ನ ಮುಖದಲ್ಲಿ ಅದನ್ನು ಓದಿರಬೇಕು. ಒಲೆಯ ಮಾತು ಸುಳ್ಳಲ್ಲ. ಆದರೆ ಅವರು ಗಟ್ಟಿಯಾಗಿ ಹಿಡಿದುಕೊಂಡಿದ್ದು, ಒಮ್ಮೆ ಬಿಟ್ಟರೆ ಮತ್ತೆ ತಮಗೆ ತೆರೆಯದ ಬಾಗಿಲನ್ನು.

ಮರುದಿನ ಮುಂಜಾನೆ ಮತ್ತೆ ಹೋದೆ. ಗೂಟ ನೆಲಕ್ಕೆ ಎರಡು ಬೆರಳು ಇಳಿದಿತ್ತು. ಸೊಸೆಯನ್ನು ಕೇಳಿದೆ, "ತವರಿಗೆ ಯಾವಾಗ ಹೋಗ್ತೀಯವ್ವ?"

"ನಂಗ ತವರಿಲ್ಲ ಅಕ್ಕ" ಎಂದಳು. "ಅವ್ವ ಅಪ್ಪ ಇಬ್ರೂ ಇಲ್ಲ. ಅಣ್ಣ ಮಾತಾಡಲ್ಲ."

ಏಳನೇ ತಿಂಗಳಾದರೂ ಅವಳಿಗೆ ಕುಬುಸ ಆಗಿರಲಿಲ್ಲ. ಬಸುರಿಗೆ ಹಸಿರು ಸೀರೆ, ಹಸಿರು ಬಳೆ, ಹೊಸ ಕುಬುಸ ತೊಡಿಸಿ ಆರತಿ ಮಾಡಿ ಹೆರಿಗೆಗೆ ಕರೆದೊಯ್ಯುವುದು ತವರಿನವರ ಕೆಲಸ. ತವರಿಗೆ ಹೋಗುವುದನ್ನು ಯಾರೂ ಮನೆ ಬದಲಿಸುವುದು ಎನ್ನುವುದಿಲ್ಲ. ನನಗೆ ಹೊಳೆದದ್ದು ಆಗಲೇ. ಇದು ಪ್ರೀತಿಯೋ ಹೆದರಿಕೆಯೋ ಎಂದು ಈಗ ಕೇಳಿದರೂ ಹೇಳಲಾರೆ. ಅವತ್ತು ಹೆಚ್ಚಿನ ಪಾಲು ಹೆದರಿಕೆಯೇ.

"ಯಮ್ಮಾ, ನಾನು ಕುಬುಸ ಮಾಡಿ ಕರ್ಕೊಂಡು ಹೋಗ್ತೀನಿ. ನನ್ನ ಮಗಳ ಕೋಣೆ ಖಾಲಿ ಐತೆ. ಬಾಣಂತನ ಅಲ್ಲೇ ಆಗ್ಲಿ."

ಜಾತಿ ಬೇರೆ ಎಂಬುದು ಯಾರ ಬಾಯಲ್ಲೂ ಬರಲಿಲ್ಲ, ಎಲ್ಲರ ತಲೆಯಲ್ಲೂ ಇತ್ತು. ಮೇಲಿಂದ ಒಂದು ಹಿಡಿ ಮಣ್ಣು ಉದುರಿ ಮಂಚದ ಮೇಲೆ ಬಿತ್ತು. ಸೊಸೆ ಅದನ್ನು ಕೈಯಿಂದ ಒರೆಸಿದಳು.

"ನಾಳೆ ಬರ್ರಿ" ಎಂದರು ತಾಯಿ.

ಮೂವತ್ತು ವರ್ಷದಲ್ಲಿ ಊರಿನವರಿಗೆಲ್ಲ ರವಿಕೆ ಹೊಲಿದಿದ್ದೇನೆ. ಅವತ್ತು ಹಸಿರು ಕುಬುಸ ಹೊಲಿಯುವಾಗ ದಾರ ಮೂರು ಸಲ ಹರಿಯಿತು. ಮಳೆಯ ಸದ್ದು ಜೋರಾದಾಗಲೆಲ್ಲ ಯಂತ್ರ ನಿಲ್ಲಿಸಿ ಫೋನ್ ನೋಡುತ್ತಿದ್ದೆ. ಫೋನ್ ಬರದಿರುವುದು ಒಳ್ಳೆಯದೋ ಕೆಟ್ಟದ್ದೋ ತಿಳಿಯುತ್ತಿರಲಿಲ್ಲ.

ಕುಬುಸವನ್ನು ಮನೆಯೊಳಗೆ ಮಾಡಲು ನಾನು ಒಪ್ಪಲಿಲ್ಲ. ಹೊರಗಿನ ಕಟ್ಟೆಯ ಮೇಲೆ ಮಣೆ ಹಾಕಿದೆವು. ಓಣಿಯ ಐದು ಜನ ಮುತ್ತೈದೆಯರು ಆರತಿ ಮಾಡಿದರು. ಬಳೆ ತೊಡಿಸುವಾಗ ನನ್ನ ಕಣ್ಣು ಅವಳ ಕೈ ಮೇಲಿರಲಿಲ್ಲ, ಬಾಗಿಲೊಳಗೆ ಕಾಣುವ ಗೂಟದ ಮೇಲಿತ್ತು. ಇನ್ನೇನು ಹೊರಡಬೇಕು, ಆ ತಾಯಿ ಎಲ್ಲರ ಮುಂದೆ ಕೇಳಿದರು.

"ತವರಿನೋರು ಅಂದ ಮ್ಯಾಲೆ ಹೇಳ್ರಿ. ಬಾಣಂತನ ಮುಗಿಸಿ ಕೂಸು ಬಾಣಂತೀನ ಯಾವ ಬಾಗಿಲಿಗೆ ತಂದು ಬಿಡ್ತೀರಿ?"

ಆರತಿ ತಟ್ಟೆ ಹಿಡಿದವರೂ ನನ್ನ ಕಡೆ ತಿರುಗಿದರು.

"ಇದೇ ಬಾಗಿಲಿಗೆ" ಎಂದೆ.

"ಬಾಡಿಗೆ?"

ಒಂದೂವರೆ ಪಟ್ಟಿನ ಲೆಕ್ಕ ಒಮ್ಮೆ ಕಣ್ಣ ಮುಂದೆ ಬಂದು ಹೋಯಿತು. "ಈಗಿರೋದೇ" ಎಂದೆ.

ಅವರು ಒಲೆಯ ಮೇಲಿನ ಪಾತ್ರೆಗಳನ್ನು ಮಗನ ಕೈಯಲ್ಲಿ ತಗಡಿನ ಕೋಣೆಗೆ ಸಾಗಿಸಿದರು, ಬಾಗಿಲಿಗೆ ಬೀಗ ಹಾಕಿ ಕೀಲಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡರು. ನನ್ನ ಮನೆಯ ಕೀಲಿ. ಕೇಳುವ ಧೈರ್ಯ ನನಗೆ ಬರಲಿಲ್ಲ.

ಮೂರನೆಯ ದಿನ ಮಳೆ ಬಿಡುವು ಕೊಟ್ಟಿತು. ಮೇಸ್ತ್ರಿಯ ಆಳುಗಳು ಗೋಡೆಗೆ ಏಣಿ ಹಚ್ಚಿ, ಅಂಚಿನಿಂದ ಮಣ್ಣು ಎಳೆಯತೊಡಗಿದರು. ನಾಲ್ಕು ಪದರ ಹಳೆಯ ಮಣ್ಣು, ಐದನೆಯದು ನನ್ನದು. ಹತ್ತು ಬುಟ್ಟಿಯೂ ಇಳಿದಿರಲಿಲ್ಲ, ಒಳಗೆ ಒಣಕಟ್ಟಿಗೆ ಮುರಿದ ಸದ್ದಾಯಿತು. ಆಳುಗಳು ಕೆಳಗೆ ಜಿಗಿದರು. ಬಾಗಿಲ ಸಂದಿಯಿಂದ ಧೂಳು ಬಂದು ನಮ್ಮ ಮುಖಕ್ಕೆ ಬಡಿಯಿತು. ತಾಯಿ ಬೀಗ ತೆಗೆದರು. ಗೂಟ ಎರಡು ತುಂಡಾಗಿತ್ತು. ಮಂಚವಿದ್ದ ಜಾಗ ಕಾಣುತ್ತಿರಲಿಲ್ಲ, ಬರೀ ಮಣ್ಣು. ಅವರು ನನ್ನನ್ನು ಬಯ್ಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

ಹೊಸ ಗೋಡೆ, ಹೊಸ ಮಾಡು ಬಂತು. ಸಾಲ ಮಾಡಿದೆ, ಒಂದು ಹೊಲಿಗೆ ಯಂತ್ರ ಮಾರಿದೆ. ಬಾಗಿಲನ್ನೂ ಕಬ್ಬಿಣದ್ದು ಹಾಕೋಣ ಎಂದ ಮೇಸ್ತ್ರಿಗೆ ಬೇಡ ಎಂದೆ. ಇದೇ ಬಾಗಿಲು ಎಂದು ಮಾತು ಕೊಟ್ಟಿದ್ದೆನಲ್ಲ. ಹೊಸ ಗೋಡೆಗೆ ಹಳೆಯ ಬಾಗಿಲು ಕೂರಿಸಲು ಅವನು ಎರಡು ದಿನ ಗೊಣಗಿದ.

ಹೆರಿಗೆ ದಾವಣಗೆರೆಯಲ್ಲೇ ಆಯಿತು, ಹೆಣ್ಣು ಮಗು. ಮೂರು ತಿಂಗಳು ತುಂಬಿದ ಮೇಲೆ ಕೂಸು ಬಾಣಂತಿಯನ್ನು ಕರೆದುಕೊಂಡು ಹರಿಹರಕ್ಕೆ ಹೋದೆ. ತಾಯಿ ಸೆರಗಿನ ಗಂಟು ಬಿಚ್ಚಿ ಬೀಗ ತೆಗೆದರು, ಬಾಗಿಲಲ್ಲೇ ಸೊಸೆಗೂ ಮೊಮ್ಮಗುವಿಗೂ ದೃಷ್ಟಿ ತೆಗೆದು ಒಳಗೆ ಕರೆದುಕೊಂಡರು. ಬಟ್ಟೆ ಗಂಟು ಹಿಡಿದು ನಾನು ಹೊರಗೆ ನಿಂತೇ ಇದ್ದೆ. ಕಾಲು ಹೊಸ್ತಿಲು ದಾಟಲಿಲ್ಲ.

ಅವರು ತಿರುಗಿ ನೋಡಿದರು.

"ಯಾಕ ಅಲ್ಲೇ ನಿಂತ್ರಿ? ಒಳಗ ಬರ್ರಿ, ಕೂಡ್ರಿ" ಎಂದರು.

ಆಮೇಲೆ ಒಳಗೆ ಹೋದೆ.