ದೊಡ್ಡವ್ವನ ತಾಳಕ್ಕೆ ಎಂಟು ಗುಂಡಿ

ನನ್ನ ಮಾಡ್ಯುಲರ್ ಸಿಂಥಸೈಜರ್, ಅಂದರೆ ಕರೆಂಟಿನಿಂದ ನುಡಿಯುವ ವಾದ್ಯ, ಇರುವುದು ಪಂಪ್‌ಸೆಟ್ಟಿನ ಹಳೆಯ ಸ್ಟಾರ್ಟರ್ ಡಬ್ಬಿಯಲ್ಲಿ. ನಗುವವರು ನಗಲಿ. ಸಿಂಧನೂರಿನಲ್ಲಿ ಅಪ್ಪನ ಮೈಕ್‌ಸೆಟ್ ಅಂಗಡಿಯ ಮಾಳಿಗೆಯ ಮೇಲೆ ಕೂತು ನಾನೇ ಬೆಸುಗೆ ಹಾಕಿ ಕಟ್ಟಿದ್ದು. ಮಾಡ್ಯುಲರ್ ಅಂದರೆ ಇಷ್ಟೇ: ಒಂದು ತುಂಡು ಸ್ವರ ಹುಟ್ಟಿಸುತ್ತದೆ, ಇನ್ನೊಂದು ಅದನ್ನು ಮೆದು ಮಾಡುತ್ತದೆ, ಮತ್ತೊಂದು ಅದನ್ನು ಹೊರಗೆ ಬಿಡುತ್ತದೆ. ಯಾವುದಕ್ಕೆ ಯಾವುದನ್ನು ವೈರಿನಿಂದ ಜೋಡಿಸಬೇಕು ಅನ್ನುವುದು ನಮ್ಮ ತಲೆಗೆ ಬಿಟ್ಟದ್ದು. ಎಲ್ಲಕ್ಕಿಂತ ನನಗೆ ಪ್ರೀತಿ ಸೀಕ್ವೆನ್ಸರ್ ಮೇಲೆ. ಎಂಟು ತಿರುಗುಗುಂಡಿ, ಗುಂಡಿಗೊಂದು ಸ್ವರ. ಕೆಂಪು ದೀಪ ಒಂದರಿಂದ ಇನ್ನೊಂದಕ್ಕೆ ಸರಿದಂತೆ ಸ್ವರವೂ ಬದಲಾಗುತ್ತದೆ. ದಿನಾ ಬಸ್ಸು ಹತ್ತಿ ಲಿಂಗಸುಗೂರಿಗೆ ಹೋಗಿ ಹುಡುಗರಿಗೆ ಎಲೆಕ್ಟ್ರಾನಿಕ್ಸ್ ಹೇಳಿಕೊಡುವವಳು ನಾನು. ಈ ಕೆಲಸ ನನಗೆ ಚೆನ್ನಾಗಿಯೇ ಬರುತ್ತದೆ, ಹೇಳಿಕೊಳ್ಳಲು ಸಂಕೋಚವೇನಿಲ್ಲ.

ದಾರಿಯಲ್ಲಿ ಸಿಗುವ ಮಸ್ಕಿಯಲ್ಲಿ ನನ್ನ ದೊಡ್ಡವ್ವ, ಅವ್ವನ ಅಕ್ಕ, ಇದ್ದಾಳೆ. ಅವರ ಓಣಿಯ ಗುಡಿಯಲ್ಲಿ ಪ್ರತಿ ಸೋಮವಾರ ಸಂಜೆ ಹೆಂಗಸರ ಭಜನೆ. ಕೈಯಲ್ಲಿ ತಾಳ ಹಿಡಿದು ಮುಂದೆ ನಿಂತು ಹಾಡಿಸುವವಳು ಅವಳು, ಪಕ್ಕದಲ್ಲಿ ಹಾರ್ಮೋನಿಯಂ ಹಿಡಿಯುವವಳು ಅವಳ ಗೆಳತಿ. ಆ ಗೆಳತಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಯಿತು. ಮಗಳು ಬಳಗಾನೂರಿಗೆ ಕರೆದುಕೊಂಡು ಹೋದಳು. ಅಂದಿನಿಂದ ದೊಡ್ಡವ್ವ ಹಾಡಲು ಬಾಯಿ ತೆರೆದಿರಲಿಲ್ಲ, ಭಜನೆಯೇ ನಿಂತುಹೋಗಿತ್ತು. ಬೇರೆ ಹಾರ್ಮೋನಿಯಂನವರು ಬಂದರೂ ಕೂಡಿಸಿಕೊಳ್ಳಲಿಲ್ಲ. ಹಾರ್ಮೋನಿಯಂ ಅಲ್ಲದ್ದು ಏನಾದರೂ ಆದರೆ ಒಪ್ಪಿಯಾಳು ಅಂತ ನಾನು ಡಬ್ಬಿ ಹೊತ್ತು ಹೋದೆ. ಡಬ್ಬಿಯ ಸುತ್ತ ತಿರುಗಿ ನೋಡಿದಳು. ಆಗಲಿ, ಆದರೆ ಗೆಳತಿ ಕೂರುವ ಜಾಗ ಬಿಟ್ಟು ಆಚೆ ಇಡು ಅಂದಳು.

ಅವಳ ಹಳೆಯ ಭಜನೆಗಳು ನನ್ನ ಫೋನಿನಲ್ಲಿದ್ದವು. ಎಂಟು ಸಾಲಿನ ಒಂದು ಪದ ಆರಿಸಿ, ಸಾಲಿಗೊಂದು ಗುಂಡಿ ಇಟ್ಟೆ. ಒಂದು ಸಾಲಿಗೆ ಎಷ್ಟು ತಾಳ ಬೀಳುತ್ತದೆ ಅಂತ ಎಣಿಸಿದರೆ ಒಂದು ವಾರ ಹದಿನಾರು, ಇನ್ನೊಂದು ವಾರ ಇಪ್ಪತ್ನಾಲ್ಕು, ಒಮ್ಮೆಯಂತೂ ನಲವತ್ತು. ವಯಸ್ಸಾಗಿದೆ, ಲೆಕ್ಕ ತಪ್ಪುತ್ತಾಳೆ ಅಂದುಕೊಂಡು ಸರಾಸರಿ ತೆಗೆದು, ಅಷ್ಟು ಹೊತ್ತಿಗೊಮ್ಮೆ ದೀಪ ಮುಂದೆ ಸರಿಯುವಂತೆ ಡಬ್ಬಿಯೊಳಗೆ ಕ್ಲಾಕ್ ಇಟ್ಟೆ. ಇಂಥ ತಪ್ಪು ಮಾಡಲು ಓದಿರಬೇಕು.

ಮೊದಲ ಸೋಮವಾರ ಎರಡನೇ ಸಾಲು ನಡೆದಿತ್ತು. ಭತ್ತದ ನಾಟಿ ಮುಗಿಸಿದ ಹೆಂಗಸರು ಕಾಲು ತೊಳೆದುಕೊಂಡು ಒಳಗೆ ಬಂದರು. ದೊಡ್ಡವ್ವ ಆ ಸಾಲನ್ನೇ ತಿರುಗಿಸಿ ತಿರುಗಿಸಿ ಹಾಡಿದಳು. ನನ್ನ ದೀಪ ಮಾತ್ರ ಮೂರು, ನಾಲ್ಕು, ಐದು ಅಂತ ಹೊರಟೇ ಹೋಯಿತು. ಸ್ವರ ಒಂದು ಕಡೆ, ಹಾಡು ಒಂದು ಕಡೆ. ಅವಳು ತಾಳ ಕೆಳಗಿಟ್ಟಳು.

"ಮಂದಿ ಇನ್ನಾ ಕುಂತಿಲ್ಲ. ನಿನ್ನ ಡಬ್ಬಿಗೆ ಎಲ್ಲಿಗೆ ಹೋಗೂದೈತಿ?"

ನನಗೆ ಸಿಟ್ಟು ನೆತ್ತಿಗೇರಿತು. ತಪ್ಪಿದ್ದು ಡಬ್ಬಿಯಲ್ಲ, ನೀನು ಅಂತ ಎಲ್ಲರೆದುರಿಗೆ ಅಂದುಬಿಟ್ಟೆ. ಅವಳು ತಿರುಗಿ ಬೈಯಲಿಲ್ಲ. ಇನ್ನೊಂದು ಸೋಮವಾರ ನೋಡುತ್ತೇನೆ, ಆಗದಿದ್ದರೆ ತಾಳವನ್ನು ಗೂಡಿನಲ್ಲಿಟ್ಟುಬಿಡುತ್ತೇನೆ, ಮತ್ತೆ ಮುಟ್ಟುವುದಿಲ್ಲ ಅಂದಳು ಅಷ್ಟೆ. ಅವಳು ಅಂದದ್ದನ್ನು ಮಾಡುವ ಹೆಂಗಸು. ಸಿಂಧನೂರಿಗೆ ವಾಪಸಾಗುವ ಬಸ್ಸಿನಲ್ಲಿ ನನಗೆ ಸಿಟ್ಟಿನ ಜೊತೆ ಅಳುವೂ ಬಂತು.

ಮರುದಿನ ಲಿಂಗಸುಗೂರಿನ ಬಸ್ಸಿನಲ್ಲಿ ಆ ನಲವತ್ತು ತಾಳದ ರೆಕಾರ್ಡಿಂಗನ್ನು ಮತ್ತೆ ಕಿವಿಗಿಟ್ಟುಕೊಂಡೆ. ಬಾಗಿಲು ಕಿರುಗುಟ್ಟಿತು. ಬಳೆ ಸದ್ದು, ಯಾರೋ ಕೆಮ್ಮಿದ್ದು, ಸರಿದು ಜಾಗ ಬಿಟ್ಟದ್ದು. ಆ ಗುಡಿಯ ರೂಢಿಯೇ ಅದು: ನಡುವೆ ಯಾರೇ ಬರಲಿ, ಅವರು ವಿಭೂತಿ ಹಚ್ಚಿಕೊಂಡು ಕೂರುವ ತನಕ ಹಾಡು ಸಾಲು ದಾಟುವುದಿಲ್ಲ. ದುಡಿದು ಬಂದವರಿಗೆ ಮುಂದಿನ ಸಾಲು ತಪ್ಪಬಾರದು. ಹುಟ್ಟಿದಾಗಿನಿಂದ ನೋಡಿದ್ದೆ, ಎಣಿಸುವಾಗ ಮರೆತಿದ್ದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಆ ಗಾದೆ ನನ್ನನ್ನು ನೋಡಿಯೇ ಮಾಡಿದ್ದಿರಬೇಕು. ಇನ್ನೂ ಒಂದು ಕೇಳಿಸಿತು. ಕಾಯುವಷ್ಟು ಹೊತ್ತು ತಾಳ ಮೆತ್ತಗೆ ಬೀಳುತ್ತಿತ್ತು. ಎಲ್ಲರೂ ಕೂತ ಮೇಲೆ ಒಂದೇ ಒಂದು ಗಟ್ಟಿ ಪೆಟ್ಟು, ಆಮೇಲೆ ಮುಂದಿನ ಸಾಲು. ಗೆಳತಿಯ ಬೆರಳು ಇಷ್ಟು ವರ್ಷ ಕಾದದ್ದು ಆ ಪೆಟ್ಟಿಗೆ.

ಡಬ್ಬಿಯೊಳಗಿನ ಕ್ಲಾಕನ್ನು ಕಿತ್ತುಹಾಕಿದೆ. ಹಾಡುವ ಶುಭಾಶಯ ಪತ್ರದೊಳಗಿನ ಹಿತ್ತಾಳೆ ಬಿಲ್ಲೆಯನ್ನು, ಅದುರನ್ನು ಕರೆಂಟಾಗಿಸುವಂಥದ್ದು ಅದು, ತೆಗೆದು ಬಟ್ಟೆಯ ಪಟ್ಟಿಯಲ್ಲಿ ಹೊಲಿದೆ. ಪಟ್ಟಿಯನ್ನು ಮಣಿಕಟ್ಟಿಗೆ ಕಟ್ಟಿದರೆ ತಾಳದ ಪೆಟ್ಟು ವೈರಿನಲ್ಲಿ ಡಬ್ಬಿಗೆ ಬರುತ್ತದೆ. ಮೆತ್ತನೆಯ ಪೆಟ್ಟಿಗೆ ಅದೇ ಸ್ವರ ಮತ್ತೆ ಮಿಡಿಯಬೇಕು, ಗಟ್ಟಿ ಪೆಟ್ಟಿಗೆ ಮಾತ್ರ ದೀಪ ಮುಂದೆ ಹೋಗಬೇಕು. ಎರಡರ ನಡುವಿನ ಗೆರೆ ಹುಡುಕಲು ಮೂರು ಸಂಜೆ ಅಪ್ಪನ ಕೈಗೆ ತಾಳ ಕೊಟ್ಟು ಕೂರಿಸಿದೆ. ಮಗಳು ಅಂಗಡಿ ಬಿಡಿಸಿ ಭಜನೆಗೆ ಹಚ್ಚಿದಳು ಅಂತ ಬಂದ ಗಿರಾಕಿಗಳಿಗೆಲ್ಲ ಹೇಳಿದ.

ಎರಡನೇ ಸೋಮವಾರ ಹೋದ ಕೂಡಲೇ ನನ್ನದು ತಪ್ಪಾಯಿತು ಅಂದೆ, ಎಲ್ಲರಿಗೂ ಕೇಳುವಂತೆ. ತಪ್ಪು ನಿನ್ನದು ಅಂದದ್ದೂ ಎಲ್ಲರೆದುರಿಗೆ ತಾನೇ. ದೊಡ್ಡವ್ವ ಕೈ ಚಾಚಿದಳು, ಪಟ್ಟಿ ಕಟ್ಟಿದೆ.

ಐದನೇ ಸಾಲಿನಲ್ಲಿ ಹೊರಗೆ ಆಟೋ ನಿಂತಿತು. ಬಳಗಾನೂರಿನಿಂದ ಗೆಳತಿ ಬಂದಿದ್ದಳು, ಮಗಳ ಹೆಗಲು ಹಿಡಿದು, ಒಂದು ಕಾಲು ಎಳೆಯುತ್ತ. ಭಜನೆ ಮತ್ತೆ ಶುರುವಾಯಿತು ಅನ್ನುವುದು ಅವಳ ಕಿವಿಗೂ ಬಿದ್ದಿತ್ತು. ಎತ್ತಿ ಕೂರಿಸಲು ಬಂದವರಿಗೆ ಬೇಡ ಅಂದಳು. ತಾಳ ಮೆತ್ತಗಾಯಿತು. ದೀಪ ಐದನೇ ಗುಂಡಿಯಲ್ಲೇ ನಿಂತಿತು. ಹೊಸ್ತಿಲಿನಿಂದ ಅವಳ ಜಾಗಕ್ಕೆ ಹತ್ತು ಹೆಜ್ಜೆ. ಐದನೇ ಸಾಲು ಎಷ್ಟು ಸಲ ತಿರುಗಿತೋ, ನಾನು ಎಣಿಸಲಿಲ್ಲ. ದೊಡ್ಡವ್ವನ ದನಿ ಒಂದು ಕಡೆ ಒಡೆಯಿತು, ತಾಳ ಒಡೆಯಲಿಲ್ಲ. ಗೆಳತಿ ತನಗೆಂದು ಬಿಟ್ಟಿಟ್ಟ ಜಾಗದಲ್ಲಿ ಕೂತು, ಎಡಗೈಯಲ್ಲಿ ವಿಭೂತಿ ಹಚ್ಚಿಕೊಂಡು, ಕೆಂಪು ದೀಪವನ್ನೇ ನೋಡಿದಳು. ಮಾತು ಇನ್ನೂ ತೊದಲುತ್ತಿತ್ತು.

"ಇದು ನನ್ನ ಸಲುವಾಗಿ ನಿಂತೈತೇನು?"

"ಹೌದ್ರೀ" ಅಂದೆ.

ಅವಳು ಎಡಗೈ ಚಾಚಿ ಆರನೇ ಗುಂಡಿಯ ಮೇಲೆ ಬೆರಳಿಟ್ಟಳು. ದೊಡ್ಡವ್ವ ಗಟ್ಟಿಯಾಗಿ ತಾಳ ಬಡಿದಳು. ದೀಪ ಆ ಬೆರಳಿನ ಕೆಳಗೆ ಬಂತು, ಬೆರಳು ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸಿತು. ನಾನು ಇಟ್ಟ ಸ್ವರ ತುಸು ಇಳಿದಿತ್ತು, ಈಗ ಸರಿಹೋಯಿತು. ಇತ್ತೀಚೆಗೆ ಸೋಮವಾರಗಳಲ್ಲಿ ನಾನು ವೈರು ಜೋಡಿಸಿಕೊಟ್ಟು, ಗುಂಡಿಗಳನ್ನು ಆ ಎಡಗೈಗೆ ಬಿಟ್ಟು, ಹಿಂದಿನ ಸಾಲಿಗೆ ಹೋಗಿ ಕೂರುತ್ತೇನೆ.