ಅಕ್ಕೋರು ಸುಳ್ಳು ಹೇಳಿರಲಿಲ್ಲ

ಧಾರವಾಡದ ನಮ್ಮ ಓಣಿಯಲ್ಲಿ ಎದುರುಮನೆಯವರು ನಿವೃತ್ತ ಗಣಿತ ಶಿಕ್ಷಕಿ, ಎಲ್ಲರಿಗೂ ಅಕ್ಕೋರು. ಯಾರಾದರೂ ಮಾತು ಸುತ್ತಿಬಳಸಿದರೆ ಬೆರಳಿನಿಂದ ಗಾಳಿಯಲ್ಲಿ ಗೆರೆ ಎಳೆದು, "ನೆಟ್ಟಗ ಹೇಳ್ರಿ" ಎನ್ನುತ್ತಿದ್ದರು.

ಅವರಿಗೆ ಪಡಸಾಲೆಯಲ್ಲಿ ಇಲ್ಲದ ಮಕ್ಕಳು ಕಾಣತೊಡಗಿದರು. ಅಕ್ಕೋರು ಒಂದು ದಿನ ಮಂಕು, ಮರುದಿನ ಚುರುಕು. ಜೊತೆಗಿದ್ದ ಅವರ ತಮ್ಮ ಅದನ್ನು ನಾಟಕ ಎಂದರು. ಯಾರದೋ ಮಾತು ಕೇಳಿ ಹುಚ್ಚಿನ ಗುಳಿಗೆ ನುಂಗಿಸಿದರು. ಅಕ್ಕೋರ ಕೈಕಾಲು ಕಟ್ಟಿಗೆಯಂತೆ ಸೆಟೆದವು. ನನಗೆ ತಡೆಯಲಾಗಲಿಲ್ಲ. ಜಗಳವಾಡಿ, ಇಬ್ಬರನ್ನೂ ಹುಬ್ಬಳ್ಳಿಯ ನರರೋಗ ವೈದ್ಯರ ಬಳಿ ಕರೆದೊಯ್ದೆ. ಅಲ್ಲಿಯೂ ಆ ತಮ್ಮ, ಇದು ನಾಟಕವೆಂದೇ ಹೇಳಿದರು.

ಅಕ್ಕೋರ ತಲೆಗೆ ವೈರು ಅಂಟಿಸಿ ಮೆದುಳಿನ ಅಲೆಗಳನ್ನು ದಾಖಲಿಸಿದರು. ವೈದ್ಯರು ಅದರ ವಿಷಯವನ್ನು ತಮ್ಮನಿಗೆ ಹೇಳತೊಡಗಿದ್ದೇ ಅಕ್ಕೋರು ಮೇಜು ಬಡಿದರು.

"ಡಾಕ್ಟರ್ರ, ತಲಿ ನಂದು. ನನಗ ನೆಟ್ಟಗ ಹೇಳ್ರಿ."

ವೈದ್ಯರು ಅವರತ್ತ ತಿರುಗಿದರು. "ಅಲಿಗಳು ನಿಧಾನ ಆಗ್ಯಾವ್ರಿ. ಉಳಿದ ಪರೀಕ್ಷಾನೂ ಅದನ್ನ ಹೇಳ್ತಾವ. ಮೆದುಳು ಸವೆಯೋ ರೋಗ ಇದು, ನಾಟಕ ಅಲ್ಲ. ಕೈಕಾಲು ಸೆಟದದ್ದು ಆ ಗುಳಿಗಿಯಿಂದ, ಅದನ್ನ ಬಿಡಸ್ತೇನಿ."

"ಮಷಿನ್ ಹೇಳಿದ ಮ್ಯಾಲೆ ನಂಬಬೇಕಲ್ಲ," ಎಂದರು ತಮ್ಮ.

ಅಕ್ಕೋರು ತಮ್ಮನತ್ತ ತಿರುಗಿದರು. "ಮಷಿನ್ ಹೇಳಿದ್ರ ನಂಬ್ತಿ. ಇಷ್ಟ ದಿನ ನಾ ಹೇಳಿದ್ದೇನು ಸುಳ್ಳಾ?"

ಹೊರಗೆ ತಮ್ಮ ಬಂದು ಕಾರಿನ ಬಾಗಿಲು ತೆರೆದರೂ ಅಕ್ಕೋರು ಹತ್ತಲಿಲ್ಲ. ನನ್ನ ತೋಳು ಹಿಡಿದು ಬಸ್ಸಿಗೆ ನಡೆದರು.

ಗುಳಿಗೆ ಬಿಟ್ಟ ಮೇಲೆ ಕೈಕಾಲು ಸಡಿಲವಾದವು. ಮಕ್ಕಳು ಬರುವುದು ನಿಲ್ಲಲಿಲ್ಲ, ರೋಗವೂ ನಿಲ್ಲಲಿಲ್ಲ. ತಮ್ಮ ದಿನವೂ "ಹ್ಯಾಂಗದೀ ಅಕ್ಕಾ?" ಎನ್ನುತ್ತಿದ್ದರು. ಅವರಿಗೆ ಹೊತ್ತುಹೊತ್ತಿಗೆ ಚಹಾ ಕೊಡುತ್ತಿದ್ದ ಅಕ್ಕೋರು, ಆ ಪ್ರಶ್ನೆಗೆ ಮಾತ್ರ ಕೊನೆಯವರೆಗೂ ಬಾಯಿ ಬಿಡಲಿಲ್ಲ.